ವಾರ್ಡಲ್ಲಿ ಪೇಷಂಟ್ ನಿಮ್ಮನ್ನ ನಂಬೋ ಹಾಗೆ ಕೆಲಸ ಮಾಡೋದು ಹೇಗೆ: ಹೊಸದಾಗಿ ಡ್ಯೂಟಿಗೆ ಸೇರಿರೋ ನರ್ಸ್‌ಗಳಿಗೆ

ಜಿಎನ್‌ಎಂ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಮೊದಲ ಸಲ ವಾರ್ಡಿಗೆ ಬರೋರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳ್ತಾರೆ, ಡ್ರಿಪ್‌ಗೆ ಕೈಗೆ ಕ್ಯಾನುಲಾ ಹಾಕೋದು ಕಲಿತ್ಕೋತೀವಿ ಸಿಸ್ಟರ್, ಮೂತ್ರದ ಕ್ಯಾಥೆಟರೂ ಕಲಿತ್ಕೋತೀವಿ, ಆದ್ರೆ ಈ ಪೇಷಂಟ್‌ಗಳು, ಅವರ ಕಡೆಯೋರು, ಇವರ ಜೊತೆ ಹೇಗೆ ಇರೋದು ಅಂತ. ಸೀನಿಯರ್ಸ್ ಸಾಮಾನ್ಯವಾಗಿ "ನಗ್ತಾ ಮಾತಾಡ್ಸಿ, ತಾಳ್ಮೆ ಇರ್ಲಿ" ಅಂದು ಮುಗಿಸ್ಬಿಡ್ತಾರೆ. ನಂಗೆ ಆ ಉತ್ತರ ಸಾಕು ಅನ್ಸಲ್ಲ. ಮುಖ ಗಂಟು ಹಾಕ್ಕೊಂಡೇ ಓಡಾಡೋ ಸಿಸ್ಟರ್‌ಗೋಸ್ಕರ "ಅವ್ರು ಬರ್ಲಿ, ಅವ್ರ ಕೈಲೇ ಇಂಜೆಕ್ಷನ್ ಹಾಕಿಸ್ಕೋತೀನಿ" ಅಂತ ಪೇಷಂಟ್‌ಗಳು ಕಾಯೋದನ್ನ ನೋಡಿದೀನಿ, ಬಾಯ್ತುಂಬ ಮಾತಾಡಿಸೋರು ಬಂದ್ರೆ ಗೋಡೆ ಕಡೆ ತಿರುಗಿ ಮಲಗೋದನ್ನೂ ನೋಡಿದೀನಿ. ಆ ಗಂಟುಮುಖದವರು ಮಾಡ್ತಿದ್ದಿದ್ದು ಎರಡೇ, ಏನು ಮಾಡ್ತೀನಿ ಅಂತ ಮೊದ್ಲು ಹೇಳಿ ಆಮೇಲೆ ಕೈ ಹಾಕೋದು, ಮತ್ತೆ ಯಾವಾಗ ಬರ್ತೀನಿ ಅಂತ ಹೇಳಿ ಆ ಹೊತ್ತಿಗೆ ಸರಿಯಾಗಿ ಬರೋದು. ಕೇಳೋಕೆ ಸುಲಭ ಅನ್ಸತ್ತೆ, ವಾರ್ಡ್ ತುಂಬಿದಾಗ ಇದೇ ಮೊದ್ಲು ಕೈಬಿಟ್ಟು ಹೋಗೋದು.

ಅಡ್ಮಿಷನ್ ಆದ ಮೊದಲ ಹತ್ತು ನಿಮಿಷ

ಕಾಲೇಜಲ್ಲಿ ಪೆಪ್ಲಾವ್ ಥಿಯರಿ ಓದಿರ್ತೀರಾ, ಅಮೆರಿಕದ ನರ್ಸ್ ಹಿಲ್ಡಗಾರ್ಡ್ ಪೆಪ್ಲಾವ್ 1952ರಲ್ಲಿ ಬರೆದಿದ್ದು, ನರ್ಸ್ ಮತ್ತೆ ಪೇಷಂಟ್ ಸಂಬಂಧಕ್ಕೆ ನಾಲ್ಕು ಹಂತ ಅಂತ ಎಗ್ಜಾಮಿಗೆ ಬಾಯಿಪಾಠ ಮಾಡಿ ಬರೆದು ಮರೆತಿರ್ತೀವಿ. ಅದ್ರಲ್ಲಿ ಒಂದು ಮಾತು ಮಾತ್ರ ಇಟ್ಕೊಳ್ಳಿ, ಶುರುವಾಗೋದು ಇಬ್ರು ಅಪರಿಚಿತರಾಗಿ ಅನ್ನೋದು. ನಿಮಗೆ ಆ ವಾರ್ಡು ದಿನಾ ಬರೋ ಜಾಗ, ಅವ್ರಿಗೆ ಹಾಗಲ್ಲ. ಬೆಳಗ್ಗೆಯಿಂದ ಓಪಿಡಿ ಕ್ಯೂ, ಬ್ಲಡ್ಡು, ಸ್ಕ್ಯಾನು, ಆಯುಷ್ಮಾನ್ ಕಾರ್ಡ್ ನಡಿಯತ್ತೋ ಇಲ್ವೋ ಅಂತ ಕೌಂಟರಲ್ಲಿ ಅರ್ಧ ದಿನ, ಇಷ್ಟೆಲ್ಲಾ ಆಗಿ ಸಂಜೆಗೆ ನಿಮ್ಮ ಬೆಡ್ಡಿಗೆ ಬಂದು ಬಿದ್ದಿರ್ತಾರೆ, ಆವಾಗ ಫೈಲ್ ನೋಡ್ತಾ "ಶುಗರ್ ಇದ್ಯಾ, ಬಿಪಿ ಇದ್ಯಾ, ಯಾವ ಮಾತ್ರೆ ತಗೋತೀರಾ" ಅಂತ ಮುಖ ಎತ್ತದೇ ಕೇಳಿದ್ರೆ ಅವ್ರಿಗೆ ನೀವೂ ಇನ್ನೊಂದು ಕೌಂಟರೇ.

ಮೊದ್ಲು ಹೆಸರು ಹೇಳಿ. ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ರು ಡಾಕ್ಟರ್ ಇದ್ರು, ಅವ್ರಿಗೇ ಕ್ಯಾನ್ಸರ್ ಆಗಿ 2013ರಲ್ಲಿ ಅಡ್ಮಿಟ್ ಆದಾಗ ಟ್ರೀಟ್ಮೆಂಟ್ ಕೊಡೋಕೆ ಬಂದ ಎಷ್ಟೋ ಜನ ತಾವು ಯಾರು ಅಂತಾನೇ ಹೇಳದೆ ಮೈ ಮುಟ್ತಿದ್ರಂತೆ, ಅದ್ರಿಂದ ಬೇಜಾರಾಗಿ ಹೆಸರು ಹೇಳ್ಕೊಂಡು ಮಾತು ಶುರು ಮಾಡಿ ಅನ್ನೋ ಅಭಿಯಾನನೇ ನಡೆಸಿದ್ರು, 2016ರಲ್ಲಿ ತೀರಿಕೊಂಡ್ರು, ಅಭಿಯಾನ ಮಾತ್ರ ಊರೂರು ಹಬ್ಬಿತು. ನಮ್ಮಲ್ಲಿ ಕೋವಿಡ್ ಟೈಮಲ್ಲಿ ಪಿಪಿಇ ಕಿಟ್ ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು ಬರ್ಕೊಳ್ತಿದ್ವಿ, ಕಣ್ಣು ಬಿಟ್ರೆ ಬೇರೇನೂ ಕಾಣ್ತಿರ್ಲಿಲ್ಲ, ಆ ಹೆಸರು ಓದ್ಕೊಂಡೇ ಎಷ್ಟೋ ಜನ ಧೈರ್ಯ ತಂದ್ಕೊಂಡ್ರು. ಕಿಟ್ ಹೋಯ್ತು, ಅಭ್ಯಾಸನೂ ಹೋಯ್ತು.

ಆಮೇಲೆ ಬಾತ್ರೂಮ್ ಎಲ್ಲಿದೆ, ಕುಡಿಯೋ ನೀರು ಎಲ್ಲಿ ಸಿಗತ್ತೆ, ರಾತ್ರಿ ಕಡೆಯೋರು ಎಲ್ಲಿ ಮಲಗ್ಬಹುದು, ಡಾಕ್ಟರ್ ರೌಂಡ್ಸ್ ಯಾವಾಗ, ಇಷ್ಟು ಹೇಳ್ಬಿಡಿ. ಹೇಳದೇ ಇದ್ರೆ ಇವೇ ಪ್ರಶ್ನೆಗಳು ಒಂದೊಂದಾಗಿ ರಾತ್ರಿಯಿಡೀ ನಿಮ್ಮ ಟೇಬಲ್ ಹತ್ರ ಬರ್ತವೆ.

ನೀನು, ನೀವು

ಇದು ಯಾರೂ ಕ್ಲಾಸಲ್ಲಿ ಹೇಳ್ಕೊಡಲ್ಲ. ಸ್ಪೆಷಲ್ ವಾರ್ಡಿಗೆ ಹೋದ್ರೆ "ಸರ್ ಸ್ವಲ್ಪ ಕೈ ಕೊಡಿ", ಜನರಲ್ ವಾರ್ಡಿಗೆ ಬಂದ್ರೆ ಅದೇ ಬಾಯಿ "ಏಯ್ ಕೈ ನೀಡು, ಅಲ್ಲಾಡ್ಬೇಡ". ಅಪ್ಪನ ವಯಸ್ಸಿನ ಕೂಲಿ ಮಾಡೋ ಮನುಷ್ಯನಿಗೆ ಇಪ್ಪತ್ತೆರಡು ವರ್ಷದ ಹುಡುಗಿ ಹಾಗಂದ್ರೆ ಅವ್ರು ಏನೂ ಅನ್ನಲ್ಲ, ಆದ್ರೆ ಆಮೇಲೆ ನೀವು ಏನು ಕೇಳಿದ್ರೂ "ಹೂಂ" ಅಷ್ಟೇ ಉತ್ತರ, ರಾತ್ರಿ ಎದೆ ಹಿಡಿದ್ರೂ ನಿಮ್ಮನ್ನ ಕರೆಯೋಕೆ ಹಿಂಜರೀತಾರೆ. ಮರ್ಯಾದೆ ಕೊಡದೇ ಇರೋದ್ರಿಂದ ಸಿಂಪ್ಟಮ್ಸ್ ಮುಚ್ಚಿಹೋಗತ್ತೆ ಅನ್ನೋದನ್ನ ನಾವು ಕ್ಲಿನಿಕಲ್ ವಿಷಯ ಅಂತ ಯೋಚ್ನೆ ಮಾಡೋದೇ ಇಲ್ಲ.

ಹಾಗಂತ ಎಲ್ರಿಗೂ "ಸರ್, ಮೇಡಂ" ಅಂದ್ರೂ ಆಗಲ್ಲ. ಮಂಡ್ಯ ಕಡೆ ಅಜ್ಜಿಗೆ "ಅಮ್ಮಾ" ಅಂದ್ರೆ ಸಾಕು, ಹುಬ್ಬಳ್ಳಿ ಧಾರವಾಡ ಕಡೆಯೋರಿಗೆ "ಯವ್ವಾ ಹೆಂಗದೀರಿ", "ಅಜ್ಜಾರ" ಅಂದ್ರೆ ಮುಖ ಅರಳತ್ತೆ, ಮಂಗಳೂರಲ್ಲಿ "ಎಂಚ ಉಲ್ಲರ್" (ಹೇಗಿದೀರಾ) ಅಂತ ಒಂದು ತುಳು ಮಾತು ಬಂದ್ರೆ ಅರ್ಧ ಕೆಲಸ ಮುಗೀತು. ಐವತ್ತು ವರ್ಷದ ಟೀಚರಮ್ಮನಿಗೆ "ಅಜ್ಜಿ" ಅಂದು ನೋಡಿ, ಡಿಸ್ಚಾರ್ಜ್ ಆಗೋವರೆಗೂ ನಿಮ್ಮ ಹತ್ರ ಮಾತ್ರೆ ತಗೊಳಲ್ಲ. ಗೊತ್ತಾಗದಿದ್ರೆ ನಿಮ್ಮನ್ನ ಏನಂತ ಕರೀಲಿ ಅಂತ ಕೇಳ್ಬಿಡಿ, ತಪ್ಪೇನಿಲ್ಲ. ಕೇರಳದಿಂದ, ಈಶಾನ್ಯದ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗೀರು ಎಷ್ಟೋ ಜನ ಇದಾರೆ, ಅವ್ರಿಗೆ ನಾನು ಹೇಳೋದು ಗ್ರಾಮರ್ ಬಿಡಿ, ನೋವಾ, ಉರಿಯಾ, ವಾಂತಿ, ಭೇದಿ, ಮೂತ್ರ ಆಯ್ತಾ, ತಲೆ ಸುತ್ತಾ, ಸುಸ್ತಾ, ಇಷ್ಟು ಮೊದ್ಲು ಕಲೀರಿ, ಅವರ ಒಡಕು ಕನ್ನಡ ಕೇಳಿ ಪೇಷಂಟ್‌ಗಳು ನಕ್ಕು ತಾವೇ ತಿದ್ದುತಾರೆ, ಆ ತಿದ್ದೋದ್ರಲ್ಲೇ ಸ್ನೇಹ ಆಗೋಗತ್ತೆ.

ಸೂಜಿ, ಗ್ಲೂಕೋಸ್ ಮತ್ತೆ ಗಡಿಯಾರ

ಕ್ಯಾನುಲಾ ಹಾಕಿದ ಮೇಲೆ ಪೇಷಂಟ್ ಕೈನ ಹಲಗೆ ಥರ ನೆಟ್ಟಗೆ ಇಟ್ಕೊಂಡು, ಊಟಕ್ಕೂ ಅಲ್ಲಾಡಿಸದೆ, ಬೆವರ್ತಾ ಕೂತಿರೋದನ್ನ ಗಮನಿಸಿದೀರಾ? ಒಳಗೆ ಸೂಜಿ ಇನ್ನೂ ಇದೆ, ಬಗ್ಗಿಸಿದ್ರೆ ನರಕ್ಕೆ ಚುಚ್ಚತ್ತೆ ಅಂತ ಅವ್ರ ಲೆಕ್ಕ. ಸೂಜಿ ಆಗಲೇ ಹೊರಗೆ ಬಂದಿರತ್ತೆ, ಒಳಗಿರೋದು ಮೆತ್ತಗಿನ ಪ್ಲಾಸ್ಟಿಕ್ ಕೊಳವೆ ಮಾತ್ರ ಅಂತ ಹೇಳೋಕೆ ಹತ್ತು ಸೆಕೆಂಡು. ತೆಗೆದ ಸೂಜಿನ ಶಾರ್ಪ್ಸ್ ಡಬ್ಬಕ್ಕೆ ಹಾಕೋವಾಗ "ನೋಡಿ, ಸೂಜಿ ಇಲ್ಲಿದೆ, ಕೈಲಿಲ್ಲ" ಅಂತ ದೂರದಿಂದ್ಲೇ ತೋರ್ಸಿದ್ರೆ ಇನ್ನೂ ಒಳ್ಳೇದು. ಜೊತೆಗೆ ಊದ್ಕೊಂಡ್ರೆ, ಉರಿ ಬಂದ್ರೆ, ಕೆಂಪಾದ್ರೆ ತಕ್ಷಣ ಕರೀರಿ ಅಂತಾನೂ ಹೇಳಿ, ಇಲ್ಲಾಂದ್ರೆ ಕೈ ಬನ್ ಥರ ಊದಿದ್ರೂ "ಹಿಂಗೇ ಇರತ್ತೇನೋ" ಅಂತ ಸುಮ್ನೆ ಇರ್ತಾರೆ.

ಇನ್ನು ಡ್ರಿಪ್. ಕಡೆಯೋರು ಬಾಟಲಿ ಕಡೆನೇ ನೋಡ್ತಾ ಕೂತಿರ್ತಾರೆ, ಖಾಲಿಯಾದ್ರೆ ಗಾಳಿ ಹೋಗಿ ಸತ್ತೇ ಹೋಗ್ತಾರೆ ಅನ್ನೋ ಭಯ ಊರಿಗೆಲ್ಲಾ ಇದೆ. ಹಂಗಾಗಿ ಬಾಟಲಿ ಕಾಲು ಭಾಗ ಇರೋವಾಗ್ಲಿಂದ "ಸಿಸ್ಟರ್ ಗ್ಲೂಕೋಸ್ ಖಾಲಿ" ಅಂತ ಓಡಿ ಬರೋದು, ನೀವು "ಇನ್ನೂ ಇದೆ ಹೋಗ್ರಿ" ಅಂತ ರೇಗೋದು, ವಾರ್ಡಲ್ಲಿ ಆಗೋ ಜಗಳಗಳಲ್ಲಿ ಕಾಲು ಭಾಗ ಇದೇ ಅಂತ ನನ್ನ ಅನುಭವ. ಸುಮ್ನೆ ಮೇಲಿಂದ ಇಳಿಯೋ ಡ್ರಿಪ್ಪಲ್ಲಿ ಬಾಟಲಿ ಮುಗಿದ್ರೆ ಸಾಮಾನ್ಯವಾಗಿ ನೀರು ಪೈಪಲ್ಲೇ ನಿಂತ್ಕೊಳತ್ತೆ, ಸ್ವಲ್ಪ ರಕ್ತ ಹಿಂದಕ್ಕೆ ಬರ್ಬಹುದು, ಅದನ್ನ ನೋಡಿ ಗಾಬರಿ ಆಗ್ಬೇಡಿ, ನಂಗೆ ಹೇಳಿ ಅಂತ ಮೊದ್ಲೇ ತಿಳಿಸಿ. ಅದಕ್ಕಿಂತ ಮುಖ್ಯ, ಟೈಮ್ ಹೇಳಿ. ಹೇಗಿದ್ರೂ ಲೆಕ್ಕ ಹಾಕಿರ್ತೀರಲ್ಲ, 500 ಎಂಎಲ್ ಬಾಟಲಿ 4 ಗಂಟೆಗೆ ಅಂದ್ರೆ 20 ಹನಿಗೆ 1 ಎಂಎಲ್ ಬರೋ ಸೆಟ್ಟಲ್ಲಿ ನಿಮಿಷಕ್ಕೆ ಸುಮಾರು 42 ಹನಿ. 11 ಗಂಟೆಗೆ ಹಾಕಿದ್ರೆ "ಇದು 3 ಗಂಟೆಗೆ ಮುಗಿಯತ್ತೆ, ನಾನು ಎರಡೂ ಮುಕ್ಕಾಲಿಗೆ ಬಂದು ನೋಡ್ತೀನಿ" ಅಂತ ಹೇಳಿ ಹೋಗಿ. ಎರಡೂ ಮುಕ್ಕಾಲಿಗೆ ಹೋಗಿ. 2 ಗಂಟೆಗೆ ಶಿಫ್ಟ್ ಚೇಂಜ್ ಆಗೋದಾದ್ರೆ "ಆವಾಗ ನಾನಿರಲ್ಲ, ಮಧ್ಯಾಹ್ನದ ಸಿಸ್ಟರ್‌ಗೆ ಹೇಳಿ ಹೋಗ್ತೀನಿ" ಅಂತ ಹೇಳಿ, ನಿಜವಾಗ್ಲೂ ಹೇಳಿಯೇ ಹೋಗಿ. ಹೀಗೆ ಒಂದು ಸಲ ಮಾತು ಉಳಿಸ್ಕೊಂಡ್ರೆ ಆ ಬೆಡ್ಡಿಂದ ಓಡಿ ಬರೋದು ನಿಂತೋಗತ್ತೆ.

ರೆಗ್ಯುಲೇಟರ್ ಮುಟ್ಬೇಡಿ ಅಂತಾನೂ ಹೇಳ್ಬೇಕು, ಕಾರಣ ಸಮೇತ. ಬೇಗ ಮುಗಿದ್ರೆ ಬೇಗ ಮನೆಗೆ ಹೋಗ್ಬಹುದು ಅಂತ ಅಳಿಯನೋ ಮಗನೋ ಚಕ್ರ ತಿರುಗಿಸಿ ಜೋರು ಬಿಟ್ಬಿಡ್ತಾರೆ. "ಜೋರಾಗಿ ಹೋದ್ರೆ ಹಾರ್ಟಿಗೆ ಭಾರ ಆಗತ್ತೆ, ಉಸಿರು ಕಟ್ಟತ್ತೆ" ಅಂದ್ರೆ ಯಾರೂ ಮುಟ್ಟಲ್ಲ, ಬರೀ "ಮುಟ್ಬೇಡಿ" ಅಂದ್ರೆ ನೀವು ಆ ಕಡೆ ತಿರುಗಿದ ಕೂಡ್ಲೆ ಮುಟ್ತಾರೆ.

ಔಷಧಿ ವಿಷಯದಲ್ಲೂ ಹಾಗೇ, ಆಮೇಲೆ ಏನಾಗತ್ತೆ ಅಂತ ಮೊದ್ಲೇ ಹೇಳಿದೋರನ್ನ ಜನ ನಂಬ್ತಾರೆ. ಟಿಬಿ ಮಾತ್ರೆಲಿ ರಿಫಾಂಪಿಸಿನ್ ಇರತ್ತೆ, ಮೂತ್ರ ಕಿತ್ತಳೆ ಬಣ್ಣ ಬರತ್ತೆ, ಹೇಳದೇ ಇದ್ರೆ ರಕ್ತ ಹೋಗ್ತಿದೆ ಅಂತ ಮಾತ್ರೆನೇ ಬಿಟ್ಬಿಡ್ತಾರೆ. ಐರನ್ ಮಾತ್ರೆಗೆ ಮಲ ಕಪ್ಪಗೆ. ಮೆಟ್ರೋನಿಡಜೋಲ್‌ಗೆ ಬಾಯೆಲ್ಲಾ ತುಕ್ಕು ಹಿಡಿದ ರುಚಿ. ಪೊಟ್ಯಾಶಿಯಂ ಸೇರಿಸಿದ ಡ್ರಿಪ್‌ಗೆ ಕೈ ಉರಿ. ನೀವು ಹೇಳಿದ್ದೇ ಆದಾಗ "ಸಿಸ್ಟರ್ ಹೇಳಿದ್ರಲ್ಲಾ" ಅಂತ ಸಮಾಧಾನ ಆಗ್ತಾರೆ.

ಆಪರೇಷನ್‌ಗೆ ಮುಂಚೆ "ಊಟ ಮಾಡ್ಬೇಡಿ" ಅಂದ್ರೆ ಸಾಲಲ್ಲ. ನಮ್ಮ ಜನಕ್ಕೆ ಊಟ ಅಂದ್ರೆ ಮುದ್ದೆ, ಅನ್ನ, ರೊಟ್ಟಿ. ಬೆಳಗ್ಗೆ ಥಿಯೇಟರ್‌ಗೆ ಕರ್ಕೊಂಡು ಹೋಗೋವಾಗ ಕೇಳಿದ್ರೆ "ಊಟ ಎಲ್ಲಿ ಸಿಸ್ಟರ್, ಬರೀ ಟೀ ಬನ್ನು" ಅಂತ ಮುಗ್ಧವಾಗಿ ಹೇಳ್ತಾರೆ, ಆಪರೇಷನ್ ಮುಂದಕ್ಕೆ. ಟೀ, ಬಿಸ್ಕೆಟ್, ನೀರು, ಎಲೆ ಅಡಿಕೆ ಎಲ್ಲಾ ಹೆಸರು ಹಿಡಿದು ಹೇಳಿ, ಅನಸ್ತೇಶಿಯಾ ಕೊಟ್ಟು ಪ್ರಜ್ಞೆ ತಪ್ಪಿದಾಗ ಹೊಟ್ಟೆಲಿರೋದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ ಅಂತಾನೂ ಹೇಳಿ.

ನೋವು ಎಷ್ಟಿದೆ ಅಂತ ಕೇಳೋದು

0ಯಿಂದ 10ರಲ್ಲಿ ಎಷ್ಟು ಅಂತ ಕೇಳಿದ್ರೆ ಓದಿದೋರು ಹೇಳ್ತಾರೆ, ವಯಸ್ಸಾದೋರು ನಿಮ್ಮ ಮುಖ ನೋಡ್ತಾರೆ. ಅವ್ರಿಗೆ ರೂಪಾಯಿ ಲೆಕ್ಕದಲ್ಲಿ ಕೇಳಿ, "ನಿನ್ನೆ ರೂಪಾಯಿ ನೋವಿತ್ತು ಅಂದ್ರೆ ಇವತ್ತು ಎಷ್ಟಾಣೆ?" ಅಂತ. "ಎಂಟಾಣೆ ಕಮ್ಮಿ ಆಗೈತೆ" ಅಂತ ಥಟ್ಟನೆ ಬರತ್ತೆ ಉತ್ತರ. ನಿನ್ನೆ ಚಾರ್ಟಲ್ಲಿ 10 ಇದ್ದಿದ್ರೆ ಇವತ್ತು 5 ಅಂತ ಬರ್ಕೊಳ್ಳಿ.

ಮಕ್ಕಳಿಗೆ ನೋವಾಗಲ್ಲ ಅಂತ ಸುಳ್ಳು ಹೇಳ್ಬೇಡಿ, ಎರಡನೇ ಸಲ ನೀವು ಬಾಗಿಲಲ್ಲಿ ಕಂಡ್ರೆ ಸಾಕು ಕಿರುಚಾಟ ಶುರು. "ಚುರುಕ್ ಅನ್ನತ್ತೆ, ಐದು ಎಣಿಸೋಷ್ಟರಲ್ಲಿ ಆಗೋಗತ್ತೆ, ಎಣಿಸ್ತೀಯಾ?" ಅನ್ನಿ. ಇನ್ನೊಂದು, ಅಮ್ಮಂದಿರು "ಊಟ ಮಾಡು, ಇಲ್ಲಾಂದ್ರೆ ಸಿಸ್ಟರ್ ಬಂದು ಸೂಜಿ ಚುಚ್ತಾರೆ ನೋಡು" ಅಂತ ಹೆದರಿಸ್ತಾರೆ, ನಂಗೆ ಮೈ ಉರಿಯೋ ಮಾತು ಅದು. ಪಕ್ಕಕ್ಕೆ ಕರ್ದು ಮೆತ್ತಗೆ ಹೇಳಿ, ನನ್ನನ್ನ ಗುಮ್ಮ ಮಾಡ್ಬೇಡಮ್ಮಾ, ನಾಳೆ ನಾನೇ ಡ್ರೆಸ್ಸಿಂಗ್ ಮಾಡ್ಬೇಕು ಅಂತ.

ಪರದೆ

ಕ್ಯಾಥೆಟರ್, ಎನಿಮಾ, ಬೆಡ್‌ಪ್ಯಾನ್, ಸ್ಪಂಜ್ ಬಾತ್, ಇದ್ಯಾವ್ದಕ್ಕೂ ಸ್ಕ್ರೀನ್ ಎಳೀದೇ ಕೈ ಹಾಕ್ಬೇಡಿ, ಸ್ಕ್ರೀನ್ ಮುರಿದಿದ್ರೆ ಇಬ್ರು ಬೆಡ್‌ಶೀಟ್ ಹಿಡ್ಕೊಂಡು ನಿಲ್ಲಿ. ಗಂಡಸು ಪೇಷಂಟ್‌ಗಳಿಗೆ ನಾಚಿಕೆ ಇರಲ್ಲ ಅಂತ ಯಾರು ಹೇಳಿದ್ರೋ ಗೊತ್ತಿಲ್ಲ. ಬ್ರದರ್‌ಗಳು, ಅಂದ್ರೆ ಗಂಡು ನರ್ಸ್‌ಗಳು, ಹೆಂಗಸರಿಗೆ ಇಸಿಜಿ ತೆಗೆಯೋವಾಗ ಒಬ್ಬ ಸಿಸ್ಟರ್‌ನೋ ಕಡೆಯ ಹೆಂಗಸನ್ನೋ ಜೊತೆಲಿ ನಿಲ್ಲಿಸ್ಕೊಳ್ಳಿ, ಇದು ಪೇಷಂಟ್‌ಗೂ ಕ್ಷೇಮ ನಿಮಗೂ ಕ್ಷೇಮ. ಶಿಫ್ಟ್ ಮುಗಿದಾಗ ಮುಂದಿನೋರಿಗೆ ಹ್ಯಾಂಡೋವರ್ ಬೆಡ್ ಪಕ್ಕ ಕೊಡೋದು ಒಳ್ಳೇದೇ, ಪೇಷಂಟ್‌ಗೂ ತನ್ನ ವಿಷಯ ಗೊತ್ತಾಗತ್ತೆ, ಆದ್ರೆ ಎಚ್‌ಐವಿ ರಿಪೋರ್ಟು, ಮದುವೆಗೆ ಮುಂಚಿನ ಗರ್ಭ, ಇಂಥಾದ್ದು ಪಕ್ಕದ ಬೆಡ್ಡಿಗೆ ಕೇಳೋ ಹಾಗೆ ಬಾಯಿ ಬಿಡ್ಬೇಡಿ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆನೇ ಇದೆ, ಪೇಷಂಟ್ ಒಪ್ಪಿಗೆ ಇಲ್ಲದೆ ಬಾಯಿಬಿಡೋ ಹಾಗಿಲ್ಲ.

ಲೇಬರ್ ವಾರ್ಡ್ ಬಗ್ಗೆ ಬೇರೆನೇ ಬರೀಬೇಕು, ಇಲ್ಲಿ ಒಂದೇ ಮಾತು. ನೋವಲ್ಲಿ ಕಿರುಚೋ ಹೆಂಗಸಿಗೆ ಬೈಯೋದು, ತೊಡೆಗೆ ಹೊಡೆಯೋದು, "ಆವಾಗ ಗೊತ್ತಾಗ್ಲಿಲ್ವಾ" ಅನ್ನೋ ಹೊಲಸು ಮಾತು, ಇದನ್ನ ಸೀನಿಯರ್ಸ್ ಮಾಡ್ತಾರೆ ಅಂತ ನೀವು ಕಲೀಬೇಡಿ. 2017ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಲಕ್ಷ್ಯ ಕಾರ್ಯಕ್ರಮದಲ್ಲೇ ಮರ್ಯಾದೆಯ ಹೆರಿಗೆ ಆರೈಕೆ, ಜೊತೆಗೊಬ್ಬ ಹೆಂಗಸು ಇರೋ ಅವಕಾಶ ಇದೆ. ಅಮ್ಮನೋ ಅಕ್ಕನೋ ಪಕ್ಕ ಇದ್ರೆ ಕಿರುಚಾಟ ತಾನಾಗೇ ಕಮ್ಮಿ ಆಗತ್ತೆ.

ಕಡೆಯೋರು

ನಮ್ಮಲ್ಲಿ ಪೇಷಂಟ್ ಒಬ್ರೇ ಬರಲ್ಲ, ಊರೇ ಬರತ್ತೆ. ಆರು ಜನ ಆರು ಸಲ ಒಂದೇ ಪ್ರಶ್ನೆ ಕೇಳ್ತಾರೆ, ನೀವು ಆರು ಥರ ಉತ್ತರ ಕೊಟ್ರೆ ಅಲ್ಲಿಂದ ಅನುಮಾನ ಶುರು. ಮೊದಲ ದಿನವೇ ಒಬ್ರನ್ನ ಗೊತ್ತು ಮಾಡ್ಕೊಳ್ಳಿ, "ಎಲ್ಲಾ ವಿಷಯ ಇವ್ರಿಗೆ ಹೇಳ್ತೀನಿ, ಮಿಕ್ಕೋರು ಇವರ ಹತ್ರ ಕೇಳ್ಕೊಳ್ಳಿ" ಅಂತ. ಯಾರನ್ನ ಅಂತ ಪೇಷಂಟ್‌ನೇ ಕೇಳಿ, ಜೋರು ಮಾತಾಡೋರನ್ನಲ್ಲ, ಎಷ್ಟೋ ಮನೇಲಿ ಎಲ್ಲಾ ನೋಡ್ಕೊಳ್ಳೋದು ಬಾಯೇ ಬಿಡದ ಸೊಸೆ ಆಗಿರ್ತಾಳೆ.

ಕೈ ಮಾಡೋ ಮಟ್ಟಕ್ಕೆ ಹೋದ್ರೆ ಅದು ಸಂಬಂಧದ ಪ್ರಶ್ನೆ ಅಲ್ಲ, ಪೊಲೀಸ್ ಕೇಸು, ನಮ್ಮ ರಾಜ್ಯದಲ್ಲಿ 2009ರಿಂದ ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆಗೆ ಪ್ರತ್ಯೇಕ ಕಾನೂನಿದೆ. ಒಬ್ರೇ ನಿಂತು ವಾದ ಮಾಡ್ಬೇಡಿ, ಸೆಕ್ಯೂರಿಟಿ ಕರೀರಿ, ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ. ಆದ್ರೆ ಆ ಮಟ್ಟಕ್ಕೆ ಹೋಗೋ ಮುಂಚೆ ಸಾಮಾನ್ಯವಾಗಿ ಎರಡು ಮೂರು ಗಂಟೆ ಯಾರೂ ಏನೂ ಹೇಳದೆ ಅವರನ್ನ ಬಾಗಿಲ ಹೊರಗೆ ನಿಲ್ಲಿಸಿರ್ತಾರೆ. ಹೇಳೋಕೆ ಹೊಸದೇನೂ ಇಲ್ಲದಿದ್ರೂ ಹೊರಗೆ ಬಂದು "ಇನ್ನೂ ಒಳಗೆ ನೋಡ್ತಿದಾರೆ, ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ಹೇಳ್ತೀನಿ" ಅಂದ್ರೆ ಬಿಸಿ ಇಳಿಯತ್ತೆ.

ರಾತ್ರಿ ಮೂರು ಗಂಟೆಗೆ ಒಬ್ಬ ಮಗ ಬಂದು "ಉಳ್ಕೋತಾರಾ ಸಿಸ್ಟರ್?" ಅಂತ ಕೇಳೇ ಕೇಳ್ತಾನೆ. "ಏನೂ ಆಗಲ್ಲ" ಅಂತ ಭರವಸೆ ಕೊಡ್ಬೇಡಿ, ಕಷ್ಟ ಅಂತ ನೀವೇ ತೀರ್ಪೂ ಕೊಡ್ಬೇಡಿ. ಡಾಕ್ಟರ್ ನಿಮಗೆ ಏನು ಹೇಳಿದಾರೆ ಅಂತ ಮೊದ್ಲು ಕೇಳಿ, ಎಷ್ಟೋ ಸಲ ಅವನಿಗೆ ಎಲ್ಲಾ ಗೊತ್ತಿರತ್ತೆ, ಇನ್ನೊಬ್ರ ಬಾಯಲ್ಲಿ ಕೇಳ್ಬೇಕು ಅಷ್ಟೇ. ಈಗ ಬಿಪಿ ಎಷ್ಟಿದೆ, ಉಸಿರು ಹೇಗಿದೆ, ಕಾಣೋದನ್ನ ಹೇಳಿ, ಇಳೀತಿದ್ರೆ ಡ್ಯೂಟಿ ಡಾಕ್ಟರನ್ನ ಎಬ್ಬಿಸಿ ಕರೆಸಿ ಮಾತಾಡ್ಸಿ, ಅದಾದ್ಮೇಲೆ ಊರಿಂದ ಬರ್ಬೇಕಾದೋರು ಇದ್ರೆ ಬರೋಕೆ ಹೇಳಿ ಅನ್ನಿ. ಕೊನೆ ಗಳಿಗೇಲಿ ತುಳಸಿ ನೀರೋ ಗಂಗೆಯೋ ಜಮ್‌ಜಮ್ ನೀರೋ ಬಾಯಿಗೆ ಬಿಡ್ಬೇಕು ಅಂತಾರೆ, ನುಂಗೋಕೆ ಆಗದವರಿಗೆ ಬಿಟ್ರೆ ಉಸಿರುನಾಳಕ್ಕೆ ಹೋಗತ್ತೆ, ಬೇಡ ಅಂತ ಗದರೋ ಬದ್ಲು ಹತ್ತಿಲಿ ಅದ್ದಿ ತುಟಿ ಒದ್ದೆ ಮಾಡೋಕೆ ತೋರ್ಸಿ, ಅವರ ಕೈಲೇ ಮಾಡ್ಸಿ.

ದುಡ್ಡು, ಫೋನ್ ನಂಬರ್

ಗಂಡು ಮಗು ಆಯ್ತು ಅಂತ "ಖುಷಿಗೆ" ಕೊಡೋ ನೋಟು ತಗೋಬೇಡಿ. ಒಬ್ರ ಹತ್ರ ತಗೊಂಡಿದ್ದು ಸಂಜೆಯೊಳಗೆ ಇಡೀ ವಾರ್ಡಿಗೆ ಗೊತ್ತಾಗತ್ತೆ, ಕೊಡೋಕಾಗದೋರು ಆಮೇಲೆ ನಿಮ್ಮನ್ನ ಕರೆಯೋಕೇ ಹೆದರ್ತಾರೆ. ಬಾಳೆಹಣ್ಣೋ ಪೇಡಾನೋ ತಂದ್ರೆ ವಾರ್ಡಿಗೆಲ್ಲಾ ಹಂಚಿ ಅನ್ನಿ, ಮನಸ್ಸೂ ನೋಯಲ್ಲ. ಪರ್ಸನಲ್ ನಂಬರ್ ಬೇಡ.

ಆಗೋದು, ಆಗದ್ದು

ಇದೆಲ್ಲಾ ಓದಿ "ಟೈಮ್ ಎಲ್ಲಿದೆ ಸಿಸ್ಟರ್" ಅಂತೀರಾ, ಗೊತ್ತು. ನರ್ಸಿಂಗ್ ಕೌನ್ಸಿಲ್ ನಾರ್ಮ್ಸ್ ಪ್ರಕಾರ ಟೀಚಿಂಗ್ ಆಸ್ಪತ್ರೆ ಜನರಲ್ ವಾರ್ಡಲ್ಲಿ 3 ಪೇಷಂಟ್‌ಗೆ ಒಬ್ರು, ಬೇರೆ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ರು ಇರ್ಬೇಕು, ರಾತ್ರಿ 30 ಬೆಡ್ಡಿಗೆ ಒಬ್ರೇ ನಿಂತಿರೋ ವಾರ್ಡುಗಳು ಎಷ್ಟೋ. ಇದಕ್ಕೆ ಸಿಹಿ ಮಾತು ಮದ್ದಲ್ಲ, ಪೋಸ್ಟ್ ತುಂಬ್ಬೇಕು, ಅದನ್ನ ಕೇಳೋದೂ ನಮ್ಮ ಕೆಲಸವೇ. ಅಲ್ಲಿವರೆಗೆ ಒಂದು ಉಪಾಯ, ಕರೆದಾಗ ಓಡೋ ಬದ್ಲು ನೀವೇ ಗಂಟೆಗೊಂದು ಸುತ್ತು ಹಾಕಿ, ನೋವಿದ್ಯಾ, ಬಾತ್ರೂಮ್‌ಗೆ ಹೋಗ್ಬೇಕಾ, ಮಗ್ಗುಲು ಬದಲಿಸ್ಲಾ, ನೀರು ಫೋನು ಕೈಗೆ ಸಿಗತ್ತಾ, ಇಷ್ಟೇ ಕೇಳಿ. ಅಮೆರಿಕದ ಆಸ್ಪತ್ರೆಗಳಲ್ಲಿ ಹೀಗೆ ಮಾಡಿ ನೋಡಿದ ಅಧ್ಯಯನ 2006ರಲ್ಲಿ ಬಂತು, ಬೆಲ್ ಒತ್ತೋದೂ ಕಮ್ಮಿ ಆಗಿತ್ತು, ಬೀಳೋದೂ ಕಮ್ಮಿ ಆಗಿತ್ತು. ಗಂಟೆಗೊಂದು ಆಗದಿದ್ರೆ ಎರಡು ಗಂಟೆಗೊಂದು, ಆದ್ರೆ ಎಷ್ಟೊತ್ತಿಗೆ ಅಂತ ಅವ್ರಿಗೆ ಗೊತ್ತಿರ್ಲಿ.

ಡಿಸ್ಚಾರ್ಜ್ ದಿನ

"ಅರ್ಥ ಆಯ್ತಾ?" ಅಂದ್ರೆ ಎಲ್ರೂ ಆಯ್ತು ಅಂತಾರೆ. "ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಾ, ನಂಗೊಂದ್ಸಲ ಹೇಳಿ" ಅನ್ನಿ, ಆವಾಗ ಗೊತ್ತಾಗತ್ತೆ 1-0-1 (ಬೆಳಗ್ಗೆ ಒಂದು, ರಾತ್ರಿ ಒಂದು) ಅಂದ್ರೆ ಏನು ಅಂತ ತಿಳ್ಕೊಂಡಿದಾರೆ ಅನ್ನೋದು. ಇನ್ಸುಲಿನ್ ಹೊಸದಾಗಿ ಶುರುವಾಗಿದ್ರೆ ಅವರ ಕೈಲೇ ಒಂದು ಸಲ ಎಳೆಸಿ ನೋಡಿ, ಎಂಎಲ್‌ಗೆ 40 ಯೂನಿಟ್ ಇರೋ ವಯಲ್‌ಗೆ ಕೆಂಪು ಕ್ಯಾಪಿನ ಸಿರಿಂಜು, 100ರದ್ದಕ್ಕೆ ಕಿತ್ತಳೆ ಕ್ಯಾಪಿಂದು, ಮೆಡಿಕಲ್ ಸ್ಟೋರಲ್ಲಿ ಅದಲುಬದಲಾದ್ರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗತ್ತೆ, ಖಾಲಿ ವಯಲ್ ತಗೊಂಡು ಹೋಗಿ ತೋರ್ಸಿ ತಗೊಳ್ಳಿ ಅಂತ ಹೇಳಿ. ಯಾವ ಲಕ್ಷಣ ಕಂಡ್ರೆ ದಿನ ಕಾಯದೆ ವಾಪಸ್ ಬರ್ಬೇಕು ಅನ್ನೋದನ್ನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಡಿಸ್ಚಾರ್ಜ್ ಸಮ್ಮರಿ ಹಿಂದೆ ಬರ್ದು ಕೊಡಿ, ಕೆಳಗೆ ವಾರ್ಡ್ ಫೋನ್ ನಂಬರ್.

ಬೆಳಗ್ಗೆ ರೌಂಡ್ಸಲ್ಲಿ "ಇವತ್ತು ಹೋಗ್ಬಹುದು" ಅಂತ ಡಾಕ್ಟರ್ ಹೇಳಿರ್ತಾರೆ, ಬಿಲ್ಲಿಂಗ್, ಫಾರ್ಮಸಿ, ಸಮ್ಮರಿ ಟೈಪಿಂಗ್ ಎಲ್ಲಾ ಆಗೋಷ್ಟರಲ್ಲಿ ಸಂಜೆ ಐದು, ಅಲ್ಲೀವರೆಗೂ ಅವ್ರು ಚೀಲ ಕಟ್ಕೊಂಡು ಬೆಡ್ ತುದೀಲಿ ಕೂತು ನಿಮ್ಮನ್ನೇ ನೋಡ್ತಿರ್ತಾರೆ, ಮೂರ್ನಾಲ್ಕು ದಿನ ಗಳಿಸಿದ್ದ ನಂಬಿಕೆ ಅಲ್ಲೇ ಕರಗೋದು. ಇಷ್ಟೊತ್ತಾಗತ್ತೆ ಅಂತ ಬೆಳಗ್ಗೆನೇ ಹೇಳ್ಬಿಡಿ, ಜೊತೆಗೆ ಊರಿಗೆ ಕೊನೆ ಬಸ್ಸು ಎಷ್ಟೊತ್ತಿಗೆ ಅಂತಾನೂ ಕೇಳ್ಕೊಳ್ಳಿ, ಯಾರ ಫೈಲ್ ಮೊದ್ಲು ಬಿಲ್ಲಿಂಗ್‌ಗೆ ಕಳಿಸ್ಬೇಕು ಅನ್ನೋದು ಅಲ್ಲೇ ಗೊತ್ತಾಗತ್ತೆ.